ಅಂಬರ್ ಸರ: ಕೊಳ್ಳುವ ಮುನ್ನ, ಕೊಂಡ ಮೇಲೆ

ನೇಲ್ ಪಾಲಿಶ್ ರಿಮೂವರ್‌ನಲ್ಲಿ ಅದ್ದಿದ ಹತ್ತಿಕಡ್ಡಿ ಮಣಿಗೆ ಅಂಟಿಕೊಂಡುಬಿಟ್ಟಿತು. ಎಳೆದರೆ ಹತ್ತಿಯ ನಾಲ್ಕೆಳೆ ಮಣಿಯ ಮೇಲೇ ಉಳಿಯಿತು. ಅಷ್ಟು ಜಾಗದ ಹೊಳಪು ಹೋಗಿ, ಮುಟ್ಟಿದರೆ ಹಲಸಿನ ಮೇಣದ ಹಾಗೆ ಜಿಗುಟು. ಪ್ರವಾಸಕ್ಕೆ ಹೋದ ಊರೊಂದರ ಅಂಗಡಿಯಲ್ಲಿ "ನೂರು ವರ್ಷ ಹಳೇ ಅಂಬರ್ ಮೇಡಂ" ಎಂದು ನನಗೆ ದಾಟಿಸಿದ ಸರ ಅದು. ಅಂಗಡಿಯವನನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಂಡೆ. ಅಂಬರ್ ಎಂದರೆ ಕೋಟ್ಯಂತರ ವರ್ಷ ಹಳೆಯ ಮರದ ರಾಳ, ಅದಕ್ಕೆ ನೂರು ವರ್ಷ ಅಂದರೆ ಇನ್ನೂ ಹುಟ್ಟಿಯೇ ಇಲ್ಲ ಎಂದರ್ಥ.

ಆಮೇಲೆ ಸರಿಯಾದ ಸರವನ್ನೂ ಕೊಂಡೆ, ಗೆಳತಿಯರ ಹತ್ತಾರು ಸರಗಳನ್ನು ಅಡುಗೆಮನೆಯ ಲೋಟದಲ್ಲಿ ಮುಳುಗಿಸಿ ನೋಡಿದೆ. ಹಾಗೆ ಕಲಿತದ್ದನ್ನು, ನೀವು ಮಾಡಬೇಕಾದ ಕ್ರಮದಲ್ಲೇ ಬರೆಯುತ್ತೇನೆ. ಯುರೋಪಿನಿಂದ ಯಾರೋ ತಂದುಕೊಟ್ಟ ಸರವನ್ನು ಬೀರುವಿನಲ್ಲಿಟ್ಟುಕೊಂಡು ಅಸಲಿಯೋ ನಕಲಿಯೋ ಎಂದು ಯೋಚಿಸುತ್ತಿರುವವರು ನೇರ ನಾಲ್ಕನೇ ಹಂತಕ್ಕೆ ಹೋಗಬಹುದು. ಪುಟ್ಟ ಮಗುವಿಗೆ ಹಾಕಬೇಕೆಂದು ಕೊಳ್ಳಹೊರಟವರು ಮಾತ್ರ ಆರನೆಯದನ್ನು ಮೊದಲು ಓದಿ.

ಹಂತ 1: ಯಾವ ಅಂಬರ್ ಎಂದು ಖಚಿತ ಮಾಡಿಕೊಳ್ಳಿ

ಈ ಒಂದು ಹೆಸರಿನಡಿ ನಮ್ಮಲ್ಲಿ ಬೇರೆ ಬೇರೆ ವಸ್ತುಗಳು ಬಂದು ಕೂತಿವೆ. ಅತ್ತರಿನ ಅಂಗಡಿಯಲ್ಲಿ ಅಂಬರ್ ಎಂದರೆ ಒಂದು ಪರಿಮಳ. ಪೊಲೀಸರು ವಶಪಡಿಸಿಕೊಂಡಾಗ ಪತ್ರಿಕೆಗಳಲ್ಲಿ 'ತಿಮಿಂಗಿಲ ವಾಂತಿ' ಎಂದು ಸುದ್ದಿಯಾಗುತ್ತದಲ್ಲ, ಆ ಅಂಬರ್‌ಗ್ರಿಸ್ ಇನ್ನೊಂದು. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗುವ ವಸ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ, ಯಾರಾದರೂ ಮಾರಲು ಬಂದರೆ ದೂರ ಸರಿಯಿರಿ. ಅರಬ್ಬಿಯ 'ಅಂಬರ್' ಎಂಬ ಪದ ಮೊದಲು ಇದ್ದದ್ದು ಈ ತಿಮಿಂಗಿಲದ ವಸ್ತುವಿಗೇ. ಆಮೇಲೆ ಯುರೋಪಿನ ಭಾಷೆಗಳಲ್ಲಿ ಅದು ಕಡಲು ದಡಕ್ಕೆಸೆಯುವ ಹಳದಿ ಕಲ್ಲಿಗೂ ದಾಟಿತು.

ನಾವು ಹುಡುಕುತ್ತಿರುವುದು ಆ ಹಳದಿ ಕಲ್ಲನ್ನು. ನಿಜಕ್ಕೂ ಅದು ಕಲ್ಲಲ್ಲ, ಮರದ ರಾಳ ಭೂಮಿಯೊಳಗೆ ಲಕ್ಷಾಂತರ, ಕೋಟ್ಯಂತರ ವರ್ಷ ಕೂತು ಗಟ್ಟಿಯಾದದ್ದು. ಪರ್ಷಿಯನ್ನರು ಇದಕ್ಕೆ ಕಹರುಬಾ ಎಂದರು. ಕಹ್ ಎಂದರೆ ಒಣಹುಲ್ಲು, ರುಬಾ ಎಂದರೆ ಅಪಹರಿಸುವುದು, ಅಂದರೆ ಹುಲ್ಲುಕಳ್ಳ. ಬಟ್ಟೆಗೆ ಉಜ್ಜಿ ಹಿಡಿದರೆ ಹುಲ್ಲಿನ ಚೂರನ್ನು ಸೆಳೆಯುವ ಇದರ ಗುಣದಿಂದ ಬಂದ ಹೆಸರು. ಸಂಸ್ಕೃತದ ತೃಣಮಣಿ, ತೃಣಕಾಂತಮಣಿ ಎಂಬ ಹೆಸರುಗಳಲ್ಲೂ ಅದೇ ಹುಲ್ಲು ಇದೆ. ಗ್ರೀಕರು ಎಲೆಕ್ಟ್ರಾನ್ ಎಂದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಉಜ್ಜಿದರೆ ಹೀಗೆ ಸೆಳೆಯುವ ಎಲ್ಲ ವಸ್ತುಗಳಿಗೂ ಆ ಗ್ರೀಕ್ ಹೆಸರಿನಿಂದಲೇ ಒಂದು ವಿಶೇಷಣ ಕಟ್ಟಿದ. ಮೆಸ್ಕಾಂ ಬಿಲ್ಲಿನ ಮೇಲಿರುವ ಎಲೆಕ್ಟ್ರಿಸಿಟಿಯ ಬೇರು ಈ ಮಣಿಯಲ್ಲಿದೆ.

ಇನ್ನೊಂದು ಗೊಂದಲವೂ ನಮ್ಮೂರಿನದೇ. ಜೇನುಬಣ್ಣದ ಗೋಮೇದಿಕವನ್ನು ಕೆಲವರು ಅಂಬರ್ ಎಂದು ತಿಳಿಯುತ್ತಾರೆ. ಗೋಮೇದಿಕ ಗಾರ್ನೆಟ್ ಜಾತಿಯ ನಿಜವಾದ ಖನಿಜ, ನೀರಿಗಿಂತ ಮೂರೂವರೆ ಪಟ್ಟು ಭಾರ. ಅಂಬರ್ ನವರತ್ನಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ರಾಹುವಿಗೆ ಒಳ್ಳೆಯದೆಂದು ಯಾರಾದರೂ ಅಂಬರ್ ಉಂಗುರ ತೋರಿಸಿದರೆ ಅವರಿಗೆ ಕಲ್ಲೂ ಗೊತ್ತಿಲ್ಲ, ಶಾಸ್ತ್ರವೂ ಗೊತ್ತಿಲ್ಲ.

ಹಂತ 2: ಅದು ಎಲ್ಲಿಂದ ಬರುತ್ತದೆಂದು ತಿಳಿದುಕೊಳ್ಳಿ, ಬೆಲೆ ನಿಂತಿರುವುದು ಅದರ ಮೇಲೆ

ದಕ್ಷಿಣ ಕನ್ನಡದ ಹಳೆಯ ರಸ್ತೆಗಳ ಪಕ್ಕದಲ್ಲಿ, ಘಟ್ಟದ ಕಾಡಿನಲ್ಲಿ ಸಾಲುಧೂಪದ ಮರ ನೋಡಿದ್ದೀರಾ? ತೊಗಟೆಗೆ ಗಾಯವಾದ ಕಡೆ ರಾಳ ಒಸರಿ, ಗಾಳಿಗೆ ಗಟ್ಟಿಯಾಗಿ, ಕಲ್ಲುಸಕ್ಕರೆಯ ತುಂಡಿನ ಹಾಗೆ ಕೂತಿರುತ್ತದೆ. ನಮ್ಮಜ್ಜಿ ಅದನ್ನೇ ತಂದು ಕೆಂಡದ ಮೇಲೆ ಹಾಕಿ ದೇವರಿಗೆ ಹೊಗೆ ಹಿಡಿಯುತ್ತಿದ್ದರು. ಮರದೊಳಗೆ ನೀರು, ಆಹಾರ ಸಾಗಿಸುವ ರಸ ಬೇರೆ, ಗಾಯ ಮುಚ್ಚಲು ಬರುವ ರಾಳ ಬೇರೆ. ಗೋಂದೂ ಬೇರೆ, ಅದು ನೀರಿನಲ್ಲಿ ಕರಗುತ್ತದೆ, ರಾಳ ಕರಗದು. ಈ ರಾಳ ಮಣ್ಣಿನಡಿ ಸೇರಿ, ಆವಿಯಾಗಬೇಕಾದ ಭಾಗ ಆವಿಯಾಗಿ, ಉಳಿದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತಾ ಹೋದರೆ ಮೊದಲು ಕೋಪಲ್ ಆಗುತ್ತದೆ. ಕೋಪಲ್ ಎಂದರೆ ಎಳೆಯ ರಾಳ, ಕೆಲವು ನೂರು ವರ್ಷದಿಂದ ಹಿಡಿದು ಇನ್ನೂ ಹೆಚ್ಚಿನ ವಯಸ್ಸಿನದು. ಕೋಟ್ಯಂತರ ವರ್ಷ ಕಳೆದ ಮೇಲೆ ಅಂಬರ್. ನನ್ನ ಹತ್ತಿಕಡ್ಡಿ ಅಂಟಿದ್ದು ಕೋಪಲ್‌ಗೆ.

ಮಾರುಕಟ್ಟೆಯ ದೊಡ್ಡ ಪಾಲು ಬಾಲ್ಟಿಕ್ ಸಮುದ್ರತೀರದ್ದು, ವಯಸ್ಸು ಸುಮಾರು 3.4 ಕೋಟಿಯಿಂದ 4.8 ಕೋಟಿ ವರ್ಷ. ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತ್ಯದ ಯಂತಾರ್ನಿ ಎಂಬಲ್ಲಿ 'ನೀಲಿ ಮಣ್ಣು' ಎಂದು ಕರೆಯುವ ಪದರದಿಂದ ಇದನ್ನು ಅಗೆಯುತ್ತಾರೆ. ಊರಿನ ಹೆಸರೇ ಅಂಬರಿನದು, ರಷ್ಯನ್ನಿನಲ್ಲಿ ಅಂಬರಿಗೆ ಯಂತಾರ್ ಎನ್ನುತ್ತಾರೆ. ಒಡವೆಯ ಕುಸುರಿಗೆ ಹೆಸರಾದದ್ದು ಪೋಲೆಂಡಿನ ಗ್ದಾನ್ಸ್ಕ್ ನಗರ. ಲಿಥುವೇನಿಯಾದ ಪಲಂಗಾದಲ್ಲಿ 1963ರಿಂದ ಒಂದು ಅಂಬರ್ ಸಂಗ್ರಹಾಲಯವೇ ಇದೆ. ಬಾಲ್ಟಿಕ್ ಅಂಬರಿನಲ್ಲಿ ಸಕ್ಸಿನಿಕ್ ಆಮ್ಲ ಶೇ. 3ರಿಂದ 8ರಷ್ಟಿರುತ್ತದೆ. ಈ ಆಮ್ಲದ ಹೆಸರು ನೆನಪಿಟ್ಟುಕೊಳ್ಳಿ, ಮಗುವಿನ ಸರದ ಕಥೆಯಲ್ಲಿ ಮತ್ತೆ ಬರುತ್ತದೆ.

ಡೊಮಿನಿಕನ್ ಗಣರಾಜ್ಯದ ಅಂಬರ್ ಇದಕ್ಕಿಂತ ಎಳೆಯದು, 1.5ರಿಂದ 2 ಕೋಟಿ ವರ್ಷದ್ದು. ಅದರಲ್ಲಿ ಬಿಸಿಲಿಗೆ ಹಿಡಿದರೆ ನೀಲಿ ಮಿಂಚುವ ಅಪರೂಪದ ಬಗೆಯೂ ಇದೆ. ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಹುಕಾಂಗ್ ಕಣಿವೆಯದ್ದು ಇವೆರಡಕ್ಕಿಂತ ಹಿರಿಯ, ಸುಮಾರು 9.9 ಕೋಟಿ ವರ್ಷ. ಪುಕ್ಕ ಸಮೇತ ಪುಟ್ಟ ಡೈನೋಸಾರ್ ಬಾಲವೊಂದು ಸಿಕ್ಕಿದ್ದಾಗಿ 2016ರಲ್ಲಿ ಪ್ರಕಟವಾದದ್ದು ಇದರಲ್ಲೇ. ಆದರೆ ಆ ಕಣಿವೆಯ ಗಣಿಗಳ ಸುತ್ತ ಸೇನೆ ಮತ್ತು ಬಂಡುಕೋರರ ಕಾಳಗ ನಡೆದಿದೆ, ಅಲ್ಲಿನ ಅಂಬರ್ ಕೊಳ್ಳಬಾರದೆಂದು ಪಳೆಯುಳಿಕೆ ತಜ್ಞರೇ ದನಿ ಎತ್ತಿದ್ದಾರೆ. ನನ್ನ ಮಟ್ಟಿಗೆ ಮ್ಯಾನ್ಮಾರ್ ಅಂಬರ್ ಎಂದು ಹೇಳಿದ ಕೂಡಲೇ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ.

ಭಾರತದಲ್ಲಿ ಅಂಬರ್ ಇಲ್ಲವೇ ಎಂದು ಕೇಳುವವರಿಗೆ: ಇದೆ, ಗುಜರಾತಿನ ವಸ್ತಾನ್‌ನ ಲಿಗ್ನೈಟ್ ಗಣಿಯಲ್ಲಿ. 5 ಕೋಟಿ ವರ್ಷಕ್ಕೂ ಹಳೆಯದು. 2010ರಲ್ಲಿ ವಿಜ್ಞಾನಿಗಳು ಅದರ ರಾಸಾಯನಿಕ ಗುಣ ನೋಡಿ ಹೇಳಿದ ವಿಷಯ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಆ ರಾಳ ಸುರಿಸಿದ್ದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳಂತೆ. ನಮ್ಮ ಸಾಲುಧೂಪವೂ ಅದೇ ಕುಟುಂಬದ ಮರ! ಗುಜರಾತಿನ ಈ ಅಂಬರ್ ಮೆದು, ದ್ರಾವಕದಲ್ಲಿ ಕರಗುತ್ತದೆ. ಹಾಗಾಗಿ ಒಡವೆಗೆ ಬಾರದು. ಆದರೆ ಕರಗುವುದರಿಂದಲೇ ಒಳಗಿನ ಕೀಟವನ್ನು ಇಡಿಯಾಗಿ ಹೊರತೆಗೆಯಲು ಬರುತ್ತದೆ, ಅದೇ ಅದರ ಬೆಲೆ.

ಹಂತ 3: ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ

ಬೆಳ್ಳಗಿರುವುದೆಲ್ಲ ಹಾಲಲ್ಲ, ಜೋನಿಬೆಲ್ಲದ ಬಣ್ಣದ್ದೆಲ್ಲ ಅಂಬರ್ ಅಲ್ಲ. "ಒರಿಜಿನಲ್ಲಾ?" ಎಂದು ಕೇಳಬೇಡಿ, ಹೌದು ಎನ್ನುವುದು ಬಿಟ್ಟರೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಹೀಗೆ ಕೇಳಿ: ಇದು ಸಹಜವಾದದ್ದೋ, ಕಾಯಿಸಿದ್ದೋ, ಒತ್ತಿದ್ದೋ, ಅಂಟಿಸಿದ್ದೋ? ಬಾಲ್ಟಿಕ್ ವ್ಯಾಪಾರದಲ್ಲಿ ಬಳಕೆಯಲ್ಲಿರುವ ವಿಂಗಡಣೆಯೇ ಈ ನಾಲ್ಕು.

ಸಹಜ ಎಂದರೆ ಕತ್ತರಿಸಿ, ತಿಕ್ಕಿ ಹೊಳಪು ಕೊಟ್ಟದ್ದು ಅಷ್ಟೇ. ಕಾಯಿಸಿದ್ದು ಎಂದರೆ ಶಾಖ, ಒತ್ತಡ ಕೊಟ್ಟು ಮಬ್ಬನ್ನು ತಿಳಿಮಾಡಿದ್ದು ಅಥವಾ ಬಣ್ಣ ಗಾಢವಾಗಿಸಿದ್ದು. ಇದು ಮೋಸವಲ್ಲ, ಹೇಳಿ ಮಾರಿದರೆ. ಮಣಿಯೊಳಗೆ ಮೀನಿನ ಪೊರೆಯ ಹಾಗೆ ದುಂಡನೆಯ ಬಿರುಕುಗಳು ಮಿರಮಿರ ಮಿನುಗುತ್ತಿದ್ದರೆ ಅದು ಶಾಖದ ಗುರುತು. ಅದನ್ನೇ ಅಂದವೆಂದು ಇಷ್ಟಪಡುವವರು ಬೇಕಷ್ಟು ಜನರಿದ್ದಾರೆ. ಹಸಿರು ಅಂಬರ್ ಎಂದು ಮಾರುವುದರಲ್ಲಿ ಬಹುಪಾಲು ಈ ಒಲೆಯಿಂದ ಬಂದದ್ದೇ. ಒತ್ತಿದ್ದು ಎಂದರೆ ಚೂರುಪಾರುಗಳನ್ನು ಬಿಸಿಮಾಡಿ ಅಚ್ಚಿನಲ್ಲಿ ಒತ್ತಿ ಒಂದಾಗಿಸಿದ್ದು, 19ನೇ ಶತಮಾನದಿಂದಲೂ ಮಾಡುತ್ತ ಬಂದಿದ್ದಾರೆ. ವಸ್ತು ಅಂಬರೇ, ಬೆಲೆ ಮಾತ್ರ ಕಡಿಮೆ ಇರಬೇಕು. ಎಲ್ಲ ಮಣಿಗಳೂ ಒಂದೇ ಬಣ್ಣ, ಒಂದೇ ಅಳತೆ, ಒಂದೇ ಮಬ್ಬು ಎಂದಾದರೆ ಇದನ್ನೋ ಪ್ಲಾಸ್ಟಿಕ್ಕನ್ನೋ ಅನುಮಾನಿಸಿ. ಅಂಟಿಸಿದ್ದು ಎಂದರೆ ತುಂಡುಗಳನ್ನು ಅಂಟು ಹಾಕಿ ಜೋಡಿಸಿದ್ದು.

ಬೆಳ್ಳಿಯ ಕಟ್ಟಿನ ಮೇಲೆ 925 ಎಂಬ ಮುದ್ರೆ ಇದೆಯೆಂದು ನೆಮ್ಮದಿಪಡಬೇಡಿ. ಆ ಮುದ್ರೆ ಬೆಳ್ಳಿಯದು. ನಮ್ಮ ಬಿಐಎಸ್ ಹಾಲ್‌ಮಾರ್ಕ್ ಕೂಡ ಚಿನ್ನ ಬೆಳ್ಳಿಯ ಶುದ್ಧತೆಗೆ ಮಾತ್ರ, ಒಳಗೆ ಕೂತ ಮಣಿಯ ಬಗ್ಗೆ ಅದು ತುಟಿಪಿಟಕ್ಕೆನ್ನುವುದಿಲ್ಲ.

ಕೀಟ ಕೂತಿರುವ ಅಂಬರ್ ಕಂಡರೆ ಎರಡು ಪಟ್ಟು ಎಚ್ಚರ. ಅಸಲಿಯಲ್ಲಿ ಸಾಮಾನ್ಯವಾಗಿ ಇರುವುದು ನುಸಿಯಷ್ಟು ಸಣ್ಣ ನೊಣ, ಇರುವೆ. ರೆಕ್ಕೆ ಮುದುಡಿ, ಕಾಲು ಸೊಟ್ಟಗಾಗಿ, ಎಲ್ಲೋ ಮೂಲೆಯಲ್ಲಿ ಇರುತ್ತವೆ. ಇಡೀ ಚೇಳು ಕಾಲು ಚಾಚಿ, ಬಾಲ ಎತ್ತಿ ಫೋಟೋಗೆ ನಿಂತ ಹಾಗೆ ಸರಿಯಾಗಿ ನಡುವೆ ಕೂತಿದ್ದರೆ ಅದನ್ನು ಕೂರಿಸಿದವರು ಇದ್ದಾರೆ ಎಂದೇ ಅರ್ಥ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಅಕ್ಕಸಾಲಿಗರ ಲೂಪ್ ಇದ್ದರೆ ಮಣಿಯೊಳಗೆ ಹುಡುಕಿ. ನಕ್ಷತ್ರದ ಹಾಗೆ ಸುತ್ತ ಕವಲೊಡೆದ ಕೂದಲಿನಂಥ ಎಳೆ ಕಂಡರೆ ನಿಮ್ಮ ಅದೃಷ್ಟ. ಓಕ್ ಮರದ ಮೊಗ್ಗು, ಎಲೆಗಳ ಮೇಲಿನ ರೋಮ ಅದು, ಬಾಲ್ಟಿಕ್ ಅಂಬರಿನ ಮನೆಗುರುತು. ನನ್ನ ಸರದ ಮೂವತ್ತೊಂಬತ್ತು ಮಣಿಗಳಲ್ಲಿ ಒಂದರಲ್ಲಿ ಮಾತ್ರ ಇದೆ, ಅತಿಥಿಗಳಿಗೆಲ್ಲ ತೋರಿಸಿಯಾಗಿದೆ.

ಬೈಲಕುಪ್ಪೆ, ಮುಂಡಗೋಡದ ಕಡೆ ಹೋಗುವವರಿಗೆ ಒಂದು ಮಾತು. 1960ರ ದಶಕದಲ್ಲಿ ನೆಲೆಯಾದ ಟಿಬೆಟನ್ನರ ಸಂಪ್ರದಾಯದಲ್ಲಿ ಹವಳ, ಟರ್ಕ್ವಾಯ್ಸ್ ಜೊತೆಗೆ ಅಂಬರಿಗೂ ದೊಡ್ಡ ಜಾಗವಿದೆ. ಪೂರ್ವ ಟಿಬೆಟಿನ ಹೆಂಗಸರು ನಿಂಬೆಹಣ್ಣಿನ ಗಾತ್ರದ ಅಂಬರನ್ನು ತಲೆಯ ಮೇಲೇ ಕಟ್ಟಿಕೊಳ್ಳುತ್ತಾರೆ. ಟಿಬೆಟನ್ ಭಾಷೆಯಲ್ಲಿ ಇದರ ಹೆಸರಿನ ಅಕ್ಷರಾರ್ಥ 'ಧೂಪದ ಸ್ಫಟಿಕ'. ಅಜ್ಜಿಯ ಧೂಪದ ಡಬ್ಬಿ ನೆನಪಾಗದೆ ಇರುತ್ತದೆಯೇ? ಮನೆತನದ ಹಳೆಯ ಮಣಿಗಳನ್ನು ಅವರು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುವುದಿಲ್ಲ. ಅಲ್ಲಿ ತೂಗುತ್ತಿರುವುದು ಸಾಮಾನ್ಯವಾಗಿ ರೆಸಿನ್ ಎಂಬ ಪ್ಲಾಸ್ಟಿಕ್ಕಿನ ಎರಕ. ಮಣಿ ಚಂದ ಅನ್ನಿಸಿದರೆ ಕೊಳ್ಳಿ, ರೆಸಿನ್ ಮಣಿಯ ಬೆಲೆ ಕೊಡಿ.

ಹಂತ 4: ಮನೆಯಲ್ಲಿ ಒರೆಗೆ ಹಚ್ಚುವುದು

ಇದೇ ಕ್ರಮದಲ್ಲಿ ಮಾಡಿ. ಮಣಿಗೆ ಏನೂ ಆಗದ ಪರೀಕ್ಷೆ ಮೊದಲು, ಗಾಯ ಮಾಡಬಲ್ಲದ್ದು ಕೊನೆಗೆ.

ಕೈಯಲ್ಲಿ ಹಿಡಿಯಿರಿ. ಗಾಜು, ಕಲ್ಲು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತವೆ. ಅಂಬರ್ ತಣ್ಣಗಿರುವುದಿಲ್ಲ. ಇಷ್ಟು ದಪ್ಪ ಮಣಿ ಇಷ್ಟು ಹಗುರವೇ ಎಂದು ಅಚ್ಚರಿಯಾಗಬೇಕು. ಗಾಜಿನ ತೂಕ ನೀರಿನ ಎರಡೂವರೆ ಪಟ್ಟು, ಅಂಬರ್ ಹೆಚ್ಚುಕಡಿಮೆ ನೀರಿನಷ್ಟೇ.

ಉಜ್ಜಿ. ಉಣ್ಣೆಯ ಶಾಲಿಗೆ ಅರ್ಧ ನಿಮಿಷ ಉಜ್ಜಿ, ಉಗುರಿನ ಚೂರಿನಷ್ಟು ಹರಿದ ಟಿಶ್ಯೂ ಕಾಗದದ ಹತ್ತಿರ ಹಿಡಿಯಿರಿ. ಹುಲ್ಲುಕಳ್ಳ ತನ್ನ ಕೆಲಸ ತೋರಿಸಬೇಕು. ಆದರೆ ಪ್ಲಾಸ್ಟಿಕ್ ಬಾಚಣಿಗೆಯೂ ಇದನ್ನೇ ಮಾಡುತ್ತದೆ. ಆದ್ದರಿಂದ ಇದು ಸಾಮಾನ್ಯವಾಗಿ ಗಾಜನ್ನೂ ಗೋಮೇದಿಕವನ್ನೂ ಆಟದಿಂದ ಹೊರಹಾಕುತ್ತದೆ, ಅಷ್ಟೇ. ಮಳೆಗಾಲದ ಮಂಗಳೂರಿನಲ್ಲಿ ಅದೂ ನಡೆಯುವುದಿಲ್ಲ, ಗಾಳಿಯ ತೇವಕ್ಕೆ ವಿದ್ಯುತ್ತು ನಿಲ್ಲದು.

ಉಪ್ಪುನೀರಿಗೆ ಬಿಡಿ. ನನ್ನ ನೆಚ್ಚಿನ ಪರೀಕ್ಷೆ ಇದು. 250 ಮಿಲಿ ಉಗುರುಬೆಚ್ಚಗಿನ ನೀರಿಗೆ ಸುಮಾರು 50 ಗ್ರಾಂ ಪುಡಿಉಪ್ಪು, ಅಂದರೆ ಮೂರು ದೊಡ್ಡ ಚಮಚ. ಚೆನ್ನಾಗಿ ಕದಡಿ, ನೀರು ತಿಳಿಯಾಗುವವರೆಗೆ ಕಾಯಿರಿ. ಮೊದಲು ಬರಿಯ ನೀರಿನ ಇನ್ನೊಂದು ಲೋಟದಲ್ಲಿ ಮಣಿ ಹಾಕಿ, ಮುಳುಗಬೇಕು. ತೆಗೆದು ಉಪ್ಪುನೀರಿಗೆ ಹಾಕಿ, ತೇಲಬೇಕು. ಅಂಬರಿನ ಸಾಂದ್ರತೆ 1.05ರಿಂದ 1.10ರ ಒಳಗೆ, ಈ ಉಪ್ಪುನೀರಿನದು ಅದಕ್ಕಿಂತ ತುಸು ಹೆಚ್ಚು. ಗಾಜು, ಬೇಕಲೈಟ್, ಅಕ್ರಿಲಿಕ್ ಎಲ್ಲ ತಳ ಸೇರುತ್ತವೆ. ಬಾಲ್ಟಿಕ್ ದಡದ ಮೇಲೆ ಬಿರುಗಾಳಿಯ ಮಾರನೇ ದಿನ ಅಂಬರ್ ಬಂದು ಬೀಳುವುದರ ಹಿಂದೆಯೂ ಈ ಹಗುರತನವೇ ಇರುವುದು. ಕಲಕಿದ ಕಡಲು ತಳದಿಂದ ಇದನ್ನು ಕಡಲಪಾಚಿಯ ಜೊತೆ ಎತ್ತಿ ತರುತ್ತದೆ.

ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ಲೋಹದ ಕೊಂಡಿ ಇರುವ ಇಡೀ ಸರವನ್ನು ಹಾಕಿದರೆ ಕೊಂಡಿ ಅದನ್ನು ತಳಕ್ಕೆಳೆಯುತ್ತದೆ. ಬಿಡಿ ಮಣಿ ಇಲ್ಲವಾದರೆ ಈ ಪರೀಕ್ಷೆ ಬಿಟ್ಟುಬಿಡಿ, ಬೆಳ್ಳಿಯ ಕಟ್ಟಿನಲ್ಲಿ ಕೂತದ್ದಕ್ಕಂತೂ ಬೇಡವೇ ಬೇಡ. ಎರಡನೆಯದು, ಕೋಪಲ್ಲೂ ತೇಲುತ್ತದೆ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕೂ ತೇಲುತ್ತದೆ. ಮುಳುಗಿದ್ದು ಖಂಡಿತ ಅಂಬರ್ ಅಲ್ಲ, ತೇಲಿದ್ದು ಅಂಬರ್ ಇರಬಹುದು. ನನ್ನ ಹಳೆಯ ಸರ ಧಾರಾಳವಾಗಿ ತೇಲಿತ್ತು. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿ, ರಂಧ್ರದಲ್ಲಿ ಉಪ್ಪು ಉಳಿಯಬಾರದು.

ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ. ನೋಟು ಪರೀಕ್ಷಿಸುವ ಅಗ್ಗದ ಟಾರ್ಚ್ ಸಾಕು. ಬಾಲ್ಟಿಕ್ ಅಂಬರ್ ಸಾಮಾನ್ಯವಾಗಿ ಹಾಲು ಬೆರೆತ ನೀಲಿಯಾಗಿಯೋ ತುಸು ಹಸಿರಾಗಿಯೋ ಬೆಳಗುತ್ತದೆ. ಬಹಳ ಹಳೆಯ, ಮೈ ಕಂದಿದ ಮಣಿಗಳು ಮಂಕಾಗಿರುತ್ತವೆ. ಪ್ಲಾಸ್ಟಿಕ್ಕುಗಳಲ್ಲಿ ಹಲವು ಸತ್ತಂತೆ ಸುಮ್ಮನಿರುತ್ತವೆ.

ಇಷ್ಟರಲ್ಲೂ ಪಾಸಾಯಿತು, ಉಳಿದಿರುವುದು ಕೋಪಲ್ ಅನುಮಾನ ಎಂದರೆ ಮಾತ್ರ ನೇಲ್ ಪಾಲಿಶ್ ರಿಮೂವರ್. ಅಸಿಟೋನ್ ಇರುವುದೇ ಆಗಬೇಕು. ಈಗ 'ಅಸಿಟೋನ್ ರಹಿತ' ಎಂದು ಬರೆದದ್ದು ಹೆಚ್ಚು ಸಿಗುತ್ತದೆ, ಅದರಿಂದ ಏನೂ ಗೊತ್ತಾಗದು. ಮಣಿಯ ರಂಧ್ರದ ಪಕ್ಕ, ದಾರದ ಗಂಟು ಮುಚ್ಚುವ ಜಾಗದಲ್ಲಿ ಹತ್ತಿಕಡ್ಡಿಯಿಂದ ಒಂದು ಚುಕ್ಕೆ ಇಡಿ, ಕೆಲವು ಸೆಕೆಂಡು ಬಿಟ್ಟು ಬೆರಳಿನಿಂದ ಮುಟ್ಟಿ. ಜಿಗುಟಾದರೆ ಕೋಪಲ್ ಅಥವಾ ಕರಗುವ ಪ್ಲಾಸ್ಟಿಕ್. ಅಂಬರ್ ಅಷ್ಟು ಹೊತ್ತಿಗೆ ಜಪ್ಪಯ್ಯ ಅನ್ನುವುದಿಲ್ಲ.

ಕಾಯಿಸಿದ ಸೂಜಿ ಚುಚ್ಚಿ ವಾಸನೆ ನೋಡುವ ಪರೀಕ್ಷೆಯನ್ನು ವಿಡಿಯೋಗಳಲ್ಲಿ ಬಹಳ ತೋರಿಸುತ್ತಾರೆ. ಅಂಬರ್ ಆದರೆ ಪೈನ್ ರಾಳದ ಪರಿಮಳ, ಪ್ಲಾಸ್ಟಿಕ್ ಆದರೆ ಕಮಟು. ನಿಜ, ಆದರೆ ಮಣಿಗೆ ಶಾಶ್ವತ ಕಲೆ. ಹಳೆಯ ನಕಲಿ ಮಣಿ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಬೇಡ. ಬದಲಿಗೆ ಅಂಗೈಯಲ್ಲಿ ಜೋರಾಗಿ ಉಜ್ಜಿ ಮೂಗಿಗೆ ಹಿಡಿಯಿರಿ, ಒಮ್ಮೊಮ್ಮೆ ತೆಳುವಾಗಿ ರಾಳದ ವಾಸನೆ ಬರುತ್ತದೆ.

ದೊಡ್ಡ ಮೊತ್ತದ ಮಾಲಾದರೆ ಮನೆಯ ಪ್ರಯೋಗ ಸಾಕಾಗದು. ರತ್ನ ಪರೀಕ್ಷಾಲಯದಲ್ಲಿ ಇನ್‌ಫ್ರಾರೆಡ್ ಪರೀಕ್ಷೆ ಮಾಡಿಸಿ. ಬಾಲ್ಟಿಕ್ ಅಂಬರಿನ ನಕ್ಷೆಯಲ್ಲಿ ಒಂದು ಕಡೆ ಗೆರೆ ಭುಜದ ಹಾಗೆ ಚಪ್ಪಟೆಯಾಗುತ್ತದೆ, ಅದನ್ನು 'ಬಾಲ್ಟಿಕ್ ಭುಜ' ಎಂದೇ ಕರೆಯುತ್ತಾರೆ.

ಹಂತ 5: ನಂಬಿಕೆಗಳನ್ನು ಕೇಳಿಸಿಕೊಳ್ಳಿ, ಬಿಲ್ಲಿಗೆ ಸೇರಿಸಿಕೊಳ್ಳಬೇಡಿ

ಅಂಬರಿನಷ್ಟು ಕಥೆ ಹೊತ್ತ ಮಣಿ ಇನ್ನೊಂದಿಲ್ಲ. ಗ್ರೀಕರ ಕಥೆಯಲ್ಲಿ ಸೂರ್ಯನ ಮಗ ಫೇಥನ್ ಅಪ್ಪನ ರಥ ಹತ್ತಿ, ಕುದುರೆ ಹಿಡಿತಕ್ಕೆ ಸಿಗದೆ, ಸಿಡಿಲಿಗೆ ಸಿಕ್ಕಿ ಸಾಯುತ್ತಾನೆ. ಅಕ್ಕತಂಗಿಯರು ಅತ್ತೂ ಅತ್ತೂ ಪಾಪ್ಲರ್ ಮರಗಳಾಗುತ್ತಾರೆ, ಕಣ್ಣೀರು ಅಂಬರಾಗುತ್ತದೆ. ಮರ ಅಳುವುದರಿಂದ ಇದು ಹುಟ್ಟುತ್ತದೆ ಎಂಬುದು ಅವರಿಗೆ ಹೇಗೋ ಹೊಳೆದಿತ್ತು ನೋಡಿ. ಲಿಥುವೇನಿಯಾದವರಿಗೆ ಇದು ಕಡಲ ದೇವತೆ ಯೂರಾಟೆಯ ಅರಮನೆಯ ಚೂರು. ಬಡ ಬೆಸ್ತ ಕಸ್ತೀತಿಸ್‌ನನ್ನು ಆಕೆ ಪ್ರೀತಿಸಿದಳೆಂದು ಸಿಟ್ಟಾದ ಗುಡುಗಿನ ದೇವರು ಪೆರ್ಕೂನಾಸ್ ನೀರೊಳಗಿನ ಅಂಬರಿನ ಅರಮನೆಯನ್ನು ಸಿಡಿಲಿನಿಂದ ಒಡೆದ. ಇವತ್ತಿಗೂ ಬಿರುಗಾಳಿ ಎದ್ದಾಗ ಚೂರುಗಳು ದಡಕ್ಕೆ ಬರುತ್ತವೆ. ಚೀನಾದಲ್ಲಿ ಸತ್ತ ಹುಲಿಯ ಜೀವ ನೆಲಕ್ಕಿಳಿದು ಅಂಬರಾಗುತ್ತದೆ ಎಂಬ ನಂಬಿಕೆ ಇತ್ತು.

ಔಷಧಿಯ ನಂಬಿಕೆಯೂ ಅಷ್ಟೇ ಹಳೆಯದು. ರೋಮಿನ ಬರಹಗಾರ ಪ್ಲಿನಿ ಕ್ರಿ.ಶ. 1ನೇ ಶತಮಾನದಲ್ಲಿ ಬರೆದಿಟ್ಟ: ಪೋ ನದಿಯಾಚೆಯ ರೈತ ಹೆಂಗಸರು ಅಂಬರ್ ಸರ ಹಾಕುವುದು ಅಂದಕ್ಕೆ, ಜೊತೆಗೆ ಗಂಟಲ ಬೇನೆ ಬಾರದಿರಲೆಂದು. ಹಸುಗೂಸುಗಳಿಗೆ ತಾಯಿತದ ಹಾಗೆ ಕಟ್ಟಿದರೆ ಒಳ್ಳೆಯದೆಂದೂ ಅವನೇ ಹೇಳುತ್ತಾನೆ. ಅಂಬರಿನ ಒಂದು ಪುಟ್ಟ ಗೊಂಬೆಯ ಬೆಲೆ, ಗಟ್ಟಿಮುಟ್ಟಾದ ಜೀವಂತ ಮನುಷ್ಯರ ಬೆಲೆಯನ್ನೂ ಮೀರಿಸುತ್ತದೆ ಎಂದು ಗೊಣಗಿದವನೂ ಅವನೇ. ಗುಲಾಮರ ಸಂತೆಯ ಲೆಕ್ಕ ಅದು. ಮಧ್ಯಯುಗದಲ್ಲಿ ಪ್ರಷ್ಯಾದ ಕಡಲತೀರವನ್ನು ಹಿಡಿದ ಜರ್ಮನ್ ಧರ್ಮಯೋಧರಾದ ಟ್ಯೂಟಾನಿಕ್ ನೈಟ್‌ಗಳು ಅಂಬರನ್ನು ತಮ್ಮ ಏಕಸ್ವಾಮ್ಯ ಮಾಡಿಕೊಂಡರು. ದಡದಲ್ಲಿ ಬಿದ್ದ ಚೂರನ್ನು ಕದ್ದು ಇಟ್ಟುಕೊಂಡ ಬೆಸ್ತನಿಗೆ ಗಲ್ಲು. ಹಾಗೆ ಬಂದ ಅಂಬರಿನಿಂದ ಬ್ರೂಗ್ಸ್, ಲೂಬೆಕ್ ನಗರಗಳಲ್ಲಿ ಜಪಸರ ಪೋಣಿಸಿದರು. ಮುಸ್ಲಿಂ ಜಗತ್ತಿನ ತಸ್ಬೀಹ್ ಮಣಿಗಳಲ್ಲೂ ಅಂಬರಿಗೆ ಇಂದಿಗೂ ಬಲು ಗೌರವ.

ಪೋಲೆಂಡಿನಲ್ಲಿ ಅಂಬರಿನ ಚೂರುಗಳನ್ನು ಸ್ಪಿರಿಟ್‌ನಲ್ಲಿ ನೆನೆಸಿಟ್ಟು ನೆಗಡಿಗೆ ಬಳಸುತ್ತಾರೆ. ನಮ್ಮ ಆಯುರ್ವೇದದಲ್ಲಿ ತೃಣಕಾಂತಮಣಿ ಪಿಷ್ಟಿಯನ್ನು (ನುಣ್ಣಗೆ ಅರೆದ ಪುಡಿ) ರಕ್ತಸ್ರಾವಕ್ಕೆ ಕೊಡುತ್ತಾರೆ. ಅದು ವೈದ್ಯರ ಕೈಯಲ್ಲಿರಲಿ, ಸರ ಒಡೆದು ಅರೆದು ಕುಡಿಯುವ ಸಾಹಸ ಬೇಡ. ಕೀಲುನೋವು, ಥೈರಾಯ್ಡ್, 'ನೆಗೆಟಿವ್ ಎನರ್ಜಿ' ಇವುಗಳ ಹೆಸರಿನಲ್ಲಿ ಮಾರುವ ಸರಗಳಿಗೆ ಹೆಚ್ಚು ಹಣ ಕೊಡಬೇಡಿ. ಒಡವೆಯಾಗಿ ಎಷ್ಟು ಬಾಳುತ್ತದೋ ಅಷ್ಟು ಕೊಡಿ.

ಹಂತ 6: ಮಗುವಿನ ಕೊರಳಿಗೆ ಹಾಕಬೇಡಿ

ಅಮೆರಿಕ, ಯುರೋಪಿನಲ್ಲಿರುವ ನಮ್ಮ ಮಕ್ಕಳು ಮೊಮ್ಮಕ್ಕಳ ಮನೆಗಳಲ್ಲಿ ಈ ಸರ ಕಾಣುತ್ತೇವೆ. ಹಲ್ಲು ಬರುವಾಗ ಮಗು ರಚ್ಚೆ ಹಿಡಿಯುತ್ತದೆ, ಮೈಶಾಖಕ್ಕೆ ಅಂಬರಿನಿಂದ ಸಕ್ಸಿನಿಕ್ ಆಮ್ಲ ಹೊರಬಂದು ಚರ್ಮದ ಮೂಲಕ ಇಳಿದು ನೋವು ಶಮನ ಮಾಡುತ್ತದೆ, ಇದು ಮಾರುವವರ ವಾದ. ಇದಕ್ಕೆ ಆಧಾರವಿಲ್ಲ. ಸುಮಾರು 150 ಡಿಗ್ರಿಗೆ ಮೆದುವಾಗುವ ವಸ್ತು 37 ಡಿಗ್ರಿಯ ಮೈಗೆ ಔಷಧಿ ಸುರಿಸುತ್ತದೆ ಎಂದರೆ ನಂಬುವುದು ಹೇಗೆ?

ನಾವೇನು ಕಡಿಮೆ ಇಲ್ಲ. ಬಜೆಯ ಚೂರು ಪೋಣಿಸಿದ ಬಳೆ, ಕರಿಮಣಿ, ದೃಷ್ಟಿಬೊಟ್ಟು ಎಲ್ಲ ನಮ್ಮ ಮಕ್ಕಳಿಗೂ ಆಗಿದೆ. ಹಾಗಾಗಿ ನಂಬಿಕೆಯನ್ನು ಹೀಯಾಳಿಸುವ ಉದ್ದೇಶ ನನಗಿಲ್ಲ. ತಕರಾರು ಇರುವುದು ಕೊರಳ ದಾರಕ್ಕೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಇಂಥ ಸರಗಳ ವಿರುದ್ಧ ಎಚ್ಚರಿಕೆ ಹೊರಡಿಸಿತು. 18 ತಿಂಗಳ ಮಗುವೊಂದು ಹಗಲು ಮಲಗಿದ್ದಾಗ ಅಂಬರ್ ಸರ ಕೊರಳಿಗೆ ಬಿಗಿದು ತೀರಿಕೊಂಡದ್ದನ್ನು ಅದರಲ್ಲಿ ಹೇಳಿದೆ. ದಾರ ತುಂಡಾದರೆ ಮಣಿ ಗಂಟಲಿಗೆ, ತುಂಡಾಗದಿದ್ದರೆ ದಾರವೇ ಕುತ್ತಿಗೆಗೆ. ಹಿರಿಯರು ಕೊಟ್ಟ ಸರ ಬೇಡ ಎನ್ನಲಾಗದಿದ್ದರೆ ತೊಟ್ಟಿಲ ಬಳಿ ಅಲ್ಲ, ಗೋಡೆಯ ಮೇಲೆ ಫ್ರೇಮಿನಲ್ಲಿ ಹಾಕಿ. ಹಲ್ಲಿನ ಕಿರಿಕಿರಿಗೆ ತೊಳೆದ ಬೆರಳಿನಿಂದ ವಸಡು ತಿಕ್ಕಿ, ಅಥವಾ ಗಟ್ಟಿ ರಬ್ಬರಿನ ಟೀದರ್ ಕೊಡಿ.

ಹಂತ 7: ದಡದಲ್ಲಿ ಹೆಕ್ಕುವವರು ಜೇಬಿಗೆ ಹಾಕಬೇಡಿ

ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರು ಬಾಲ್ಟಿಕ್ ತೀರಕ್ಕೆ ವಾರಾಂತ್ಯ ಹೋಗುವುದುಂಟು, ಅವರಿಗಾಗಿ ಇದು. ಊಸೆಡೊಮ್ ದ್ವೀಪದ ಸುತ್ತಮುತ್ತ ಎರಡನೇ ಮಹಾಯುದ್ಧದ ಬಾಂಬುಗಳಿಂದ ಉಳಿದ ಬಿಳಿ ರಂಜಕದ ಉಂಡೆಗಳು ಇವತ್ತಿಗೂ ದಡಕ್ಕೆ ಬರುತ್ತವೆ. ನೋಡಲು ಥೇಟ್ ಅಂಬರ್. ಒದ್ದೆ ಇರುವಷ್ಟು ಹೊತ್ತು ಸುಮ್ಮನಿದ್ದು, ಜೇಬಿನಲ್ಲಿ ಒಣಗಿ ಬೆಚ್ಚಗಾದ ಮೇಲೆ ತಾನಾಗಿ ಹೊತ್ತಿಕೊಳ್ಳುತ್ತವೆ. ಹೀಗೆ ಹೆಕ್ಕಿ ಸುಟ್ಟುಕೊಂಡವರಿದ್ದಾರೆ. ಹೆಕ್ಕಿದ್ದನ್ನು ಲೋಹದ ಡಬ್ಬಿಯಲ್ಲಿ ಹಾಕಿಕೊಂಡು, ಮೈಯಿಂದ ದೂರ ಹಿಡಿದು ತನ್ನಿ, ಪೂರ್ತಿ ಒಣಗಿದ ಮೇಲೆ ಮುಟ್ಟಿ.

ಹಂತ 8: ಕೊಂಡ ಮೇಲೆ

ಅಂಬರ್ ಮೆದು. ಮೋಸ್ ಅಳತೆಯಲ್ಲಿ ಅದರ ಗಡಸು 2ರಿಂದ 2.5, ನಿಮ್ಮ ಉಗುರಿನ ಆಸುಪಾಸು. ಚಿನ್ನದ ಬಳೆಗಳ ಜೊತೆ ಒಂದೇ ಡಬ್ಬಿಗೆ ಸುರಿದರೆ ತಿಂಗಳೊಪ್ಪತ್ತಿನಲ್ಲಿ ಗೀರುಗಳ ಜಾತ್ರೆ. ಹಳೆಯ ರೇಷ್ಮೆ ರವಿಕೆಯ ತುಂಡಿನಲ್ಲಿ ಪುಟ್ಟ ಚೀಲ ಹೊಲಿದು ಬೇರೆಯೇ ಇಡಿ.

ಸೆಂಟು, ಹೇರ್ ಸ್ಪ್ರೇ, ಸ್ಯಾನಿಟೈಜರ್ ಎಲ್ಲ ಹಚ್ಚಿ ಆರಿದ ಮೇಲೆ ಕೊನೆಯಲ್ಲಿ ಸರ ಹಾಕಿಕೊಳ್ಳಿ. ತೆಗೆಯುವಾಗ ಮೊದಲು ತೆಗೆಯಿರಿ. ಆಲ್ಕೋಹಾಲ್ ತಾಗಿದರೆ ಹೊಳಪು ಮಂಕಾಗುತ್ತದೆ. ಒಲೆಯ ಮುಂದೆ ಬೇಡ. ಕಲಬುರಗಿಯ ಏಪ್ರಿಲ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗುವುದಂತೂ ಬೇಡ. ಬಿಸಿಲು, ಶಾಖಕ್ಕೆ ಮೇಲ್ಮೈ ಒಣ ಕೆರೆಯಂಗಳದ ಹಾಗೆ ಸಣ್ಣಗೆ ಬಿರಿಯುತ್ತದೆ. ನಿಧಾನವಾಗಿ ಬಣ್ಣ ಗಾಢವಾಗುವುದು ಮಾತ್ರ ಸಹಜ, ಹಳೆಯ ಸರಗಳು ಕೆಂಪಡರಿರುವುದು ಅದಕ್ಕೇ, ಮತ್ತು ಅದನ್ನೇ ಮೆಚ್ಚಿ ಕೊಳ್ಳುವವರಿದ್ದಾರೆ.

ಕೊಳೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ. ಟೂತ್‌ಪೇಸ್ಟ್, ಸೀಗೆಪುಡಿ, ಅಂಟುವಾಳದ ನೊರೆ ಯಾವುದೂ ಬೇಡ. ಅಕ್ಕಸಾಲಿಗರ ಬಳಿ ಬೇರೆ ಒಡವೆಯ ಜೊತೆ ಕೊಟ್ಟಿದ್ದರೆ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಬೇಡಿ ಎಂದು ಮೊದಲೇ ಹೇಳಿ, ಅದರ ನಡುಕಕ್ಕೆ ಮಣಿ ಬಿರಿಯಬಹುದು. ಬೆಳ್ಳಿ ಕಟ್ಟು ಬೆಸೆಯಬೇಕಾಗಿ ಬಂದರೆ ಮಣಿ ಬಿಚ್ಚಿಯೇ ಬೆಂಕಿ ತೋರಿಸಲಿ.

ದಾರ ಸಡಿಲವಾಗಿದ್ದರೆ ತುಂಡಾಗುವವರೆಗೆ ಕಾಯಬೇಡಿ. ಮುತ್ತು ಪೋಣಿಸುವವರ ಹತ್ತಿರ ಒಯ್ದು, ರೇಷ್ಮೆ ದಾರದಲ್ಲಿ ಪ್ರತಿ ಎರಡು ಮಣಿಗಳ ನಡುವೆ ಒಂದು ಗಂಟು ಹಾಕಿಸಿ. ಮಣಿ ಮಣಿ ತಿಕ್ಕಾಡುವುದಿಲ್ಲ, ತುಂಡಾದರೂ ಬೀಳುವುದು ಒಂದೇ ಮಣಿ. ನನ್ನ ಸರ ಪೋಣಿಸಿಕೊಟ್ಟವರು ಮೂವತ್ತೆಂಟು ಗಂಟು ಹಾಕಿ, ಕೊನೆಗೆ ಉಳಿದ ದಾರದ ತುದಿಯನ್ನು ಬೆಂಕಿಕಡ್ಡಿಯಿಂದ ಸುಡಲು ಹೊರಟರು. ಕೈ ಹಿಡಿದು ನಿಲ್ಲಿಸಿ, ಕತ್ತರಿ ಕೊಟ್ಟೆ.